ಕಣದಿಂದ ಕಾಫಿ ಮೂಟೆ ಹೋದಾಗ: ಅಪರಾಧ ಏಕೆ ನಡೆಯುತ್ತದೆ ಎಂಬುದರ ಸಿದ್ಧಾಂತಗಳು

ಮೂಡಿಗೆರೆ, ಸಕಲೇಶಪುರ, ಆಲ್ದೂರು ಕಡೆ ಕೊಯ್ಲಿನ ಕಾಲದಲ್ಲಿ ಕಣದಿಂದ ನಾಲ್ಕು ಮೂಟೆ ಕಾಫಿ ಕಾಣೆಯಾದರೆ ಊರಲ್ಲಿ ಮೂರು ಬಗೆಯ ಮಾತು ಏಳುತ್ತವೆ. "ಬಡತನ ಮಾಡಿಸುತ್ತೆ" ಅನ್ನುತ್ತಾರೆ ಒಬ್ಬರು. "ಈಗ ಕಾನೂನಿನ ಭಯ ಯಾರಿಗಿದೆ" ಅನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ದನಿ ತಗ್ಗಿಸಿ "ಆ ಜನವೇ ಹಂಗೆ" ಅನ್ನುತ್ತಾರೆ. ಈ ಮೂರಕ್ಕೂ ಅಪರಾಧಶಾಸ್ತ್ರದಲ್ಲಿ ಹಳೆಯ ಬೇರುಗಳಿವೆ. ಮೊದಲ ಎರಡರಲ್ಲಿ ಸ್ವಲ್ಪ ಹುರುಳಿದೆ. ಮೂರನೆಯದು ನೂರು ವರ್ಷಗಳ ಹಿಂದೆಯೇ ಬಿದ್ದುಹೋದ ವಾದ, ಆದರೆ ಚಾಲ್ತಿಯಲ್ಲಿ ಅದೇ ಹೆಚ್ಚು.

ಬಡತನದ ಮಾತನ್ನೇ ತೆಗೆದುಕೊಳ್ಳಿ. ಒಂದು ಎಸ್ಟೇಟಿನಲ್ಲಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಹತ್ತು ಲೈನ್ ಮನೆಗಳಿವೆ ಎಂದುಕೊಳ್ಳೋಣ. ಹತ್ತರಲ್ಲೂ ಕೂಲಿ ಒಂದೇ, ಕಷ್ಟವೂ ಹೆಚ್ಚುಕಡಿಮೆ ಒಂದೇ. ಕದ್ದವನು ಒಂದು ಮನೆಯ ಹುಡುಗ. ಬಡತನವೇ ಕಾರಣವಾದರೆ ಉಳಿದ ಒಂಬತ್ತು ಮನೆಯವರು ಏಕೆ ಕದಿಯಲಿಲ್ಲ? ಆ ಹುಡುಗನೂ ಬಡವನಾಗಿದ್ದದ್ದು ವರ್ಷದ 365 ದಿನ. ಕದ್ದದ್ದು ಒಂದು ರಾತ್ರಿ. ಆ ರಾತ್ರಿಯೇ ಏಕೆ, ಆ ಕಣವೇ ಏಕೆ?

ಹೀಗೆ ಒಡೆದು ನೋಡಿದರೆ ಒಂದು ಪ್ರಶ್ನೆಯ ಒಳಗೆ ನಾಲ್ಕು ಕಾಣುತ್ತವೆ. ಈ ವ್ಯಕ್ತಿಯೇ ಏಕೆ? ಈ ಜಾಗದಲ್ಲಿ, ಈ ಹೊತ್ತಿನಲ್ಲೇ ಏಕೆ? ಕೆಲವು ಬಡಾವಣೆಗಳಲ್ಲಿ ವರ್ಷಾನುಗಟ್ಟಲೆ ಅಪರಾಧ ಹೆಚ್ಚಿರುವುದೇಕೆ? ಒಮ್ಮೆ ತಪ್ಪಿದವನು ಮತ್ತೆ ಮತ್ತೆ ಅದೇ ದಾರಿ ಹಿಡಿಯುವುದೇಕೆ? ದೊಡ್ಡ ಸಿದ್ಧಾಂತಗಳು ಪರಸ್ಪರ ಜಗಳವಾಡುವಂತೆ ಪಠ್ಯಪುಸ್ತಕಗಳಲ್ಲಿ ಕಂಡರೂ ಬಹುಪಾಲು ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿವೆ. ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಿದಾಗ ಪರಿಹಾರ ಕೈಕೊಡುತ್ತದೆ.

ಭಯದ ಲೆಕ್ಕ

ಇಟಲಿಯ ಮಿಲಾನಿನ ಚೆಸಾರೆ ಬೆಕ್ಕರಿಯ 1764ರಲ್ಲಿ ಶಿಕ್ಷೆಯ ಬಗ್ಗೆ ಬರೆದಾಗ ಯುರೋಪಿನಲ್ಲಿ ಚಿತ್ರಹಿಂಸೆ ಮಾಮೂಲಿಯಾಗಿತ್ತು. ಮನುಷ್ಯ ಲಾಭ-ನಷ್ಟ ತೂಗಿ ನಡೆಯುತ್ತಾನೆ, ಶಿಕ್ಷೆಯ ನಷ್ಟ ಅಪರಾಧದ ಲಾಭಕ್ಕಿಂತ ತುಸು ಹೆಚ್ಚಿದ್ದರೆ ಸಾಕು ಎಂಬುದು ಅವನ ವಾದ. ಜನ ಇಷ್ಟನ್ನು ನೆನಪಿಟ್ಟುಕೊಂಡು ಮುಂದಿನದನ್ನು ಮರೆತರು: ಶಿಕ್ಷೆ ಎಷ್ಟು ಕಠಿಣ ಎಂಬುದಕ್ಕಿಂತ ಅದು ಎಷ್ಟು ಖಚಿತ, ಎಷ್ಟು ಬೇಗ ಎಂಬುದು ಮುಖ್ಯ ಎಂದೂ ಅವನೇ ಹೇಳಿದ್ದ. ಎರಡು ಶತಮಾನದ ಬಳಿಕ, 1968ರಲ್ಲಿ, ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಇದನ್ನೇ ಗಣಿತಕ್ಕೆ ಇಳಿಸಿದರು: ಸಿಕ್ಕಿಬೀಳುವ ಸಂಭವವನ್ನು ಶಿಕ್ಷೆಯ ಪ್ರಮಾಣದಿಂದ ಗುಣಿಸಿ, ಸಿಗುವ ಲಾಭದ ಎದುರು ಇಟ್ಟು ನೋಡಿ.

ಆ ಗುಣಾಕಾರದಲ್ಲಿ ಮೊದಲ ಅಂಕಿ ಸೊನ್ನೆಗೆ ಹತ್ತಿರವಾದರೆ ಎರಡನೆಯದು ಎಷ್ಟಿದ್ದರೇನು? ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಪ್ರಕಾರ ಸಾಮಾನ್ಯ ಕಳವಿಗೆ ಮೂರು ವರ್ಷದವರೆಗೆ ಶಿಕ್ಷೆ. ಆಳು ತನ್ನ ಧಣಿಯ ವಶದಲ್ಲಿದ್ದ ಮಾಲನ್ನೇ ಕದ್ದರೆ 306ರ ಪ್ರಕಾರ ಏಳು ವರ್ಷದವರೆಗೆ. ಈ ಏಳನ್ನು ಹದಿನಾಲ್ಕು ಮಾಡಿದರೆ ಕಳವು ಅರ್ಧಕ್ಕಿಳಿಯುತ್ತದೆಯೇ? ಕಣದ ಬೇಲಿ ದಾಟುವವನು ಸೆಕ್ಷನ್ ನೆನೆಯುವುದಿಲ್ಲ; ನಾಯಿ ಬೊಗಳುತ್ತದೆಯೋ, ವಾಚ್‌ಮನ್ ಎದ್ದಿದ್ದಾನೋ ಎಂದು ನೋಡುತ್ತಾನೆ. ಅತ್ತ ಒಂದೆರಡು ಮೂಟೆ ಹೋದರೆ ಸ್ಟೇಷನ್ನಿಗೆ ಅಲೆಯುವುದು ಯಾರಿಗೆ ಬೇಕು ಎಂದು ಮಾಲೀಕರು ಸುಮ್ಮನಾದರೆ ಖಚಿತತೆ ದೂರಿನ ಹಂತದಲ್ಲೇ ಸತ್ತಿರುತ್ತದೆ. ಕುಡಿದವನ, ರೋಷದಲ್ಲಿರುವವನ, ಗೆಳೆಯರ ಎದುರು ಹಮ್ಮು ತೋರಿಸುವ ಹದಿಹರೆಯದವನ ತಕ್ಕಡಿ ಮೊದಲೇ ಕೆಟ್ಟಿರುತ್ತದೆ ಎಂಬುದು ಈ ಸಿದ್ಧಾಂತದ ಇನ್ನೊಂದು ಸೋರಿಕೆ. ಗಂಡ-ಹೆಂಡಿರ ಜಗಳದಲ್ಲಿ ನಡೆಯುವ ಹಲ್ಲೆಗೆ ಇದು ಬಹಳ ಕಡಿಮೆ ಹೇಳುತ್ತದೆ. ಗುಜರಿಗೆ ಹೋಗುವ ತಾಮ್ರದ ತಂತಿಗೆ ಬಹಳಷ್ಟು ಹೇಳುತ್ತದೆ.

ಜಾಗ ಮತ್ತು ಹೊತ್ತು

ಊರಿನವರಿಗೆ ಕೂಡಲೇ ಉಪಯೋಗಕ್ಕೆ ಬರುವ ಸಿದ್ಧಾಂತ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಎರಡನೇ ಮಹಾಯುದ್ಧದ ಬಳಿಕ ಅಮೆರಿಕದಲ್ಲಿ ಒಂದು ಒಗಟು ಎದುರಾಯಿತು. ಆದಾಯ ಏರಿತು, ಓದು ಹೆಚ್ಚಿತು, ಬಡತನ ಇಳಿಯಿತು. 1960ರ ದಶಕದಲ್ಲಿ ಕಳ್ಳತನ ಮಾತ್ರ ಏರುತ್ತಲೇ ಹೋಯಿತು. ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲಿ ಕೊಟ್ಟ ವಿವರಣೆಯಲ್ಲಿ ಕಳ್ಳನ ಮನಸ್ಸಿನ ಸುದ್ದಿಯೇ ಇಲ್ಲ. ಹೆಂಗಸರೂ ಕೆಲಸಕ್ಕೆ ಹೊರಟಿದ್ದರಿಂದ ಹಗಲಲ್ಲಿ ಮನೆಗಳು ಖಾಲಿಯಾದವು. ಟಿವಿಯಂಥ ಬೆಲೆಬಾಳುವ ವಸ್ತುಗಳು ವರ್ಷದಿಂದ ವರ್ಷಕ್ಕೆ ಹಗುರವಾದವು. ಕದಿಯುವ ಮನಸ್ಸಿರುವವನು, ಕದಿಯಲು ಒದಗುವ ವಸ್ತು, ಕಾಯುವವರಿಲ್ಲದ ಹೊತ್ತು ಈ ಮೂರೂ ಒಂದೆಡೆ ಕೂಡಿದರೆ ಕಳವು. ಒಂದನ್ನು ತೆಗೆದರೂ ಕಳವಿಲ್ಲ. ದಿನಚರಿ ಸಿದ್ಧಾಂತ ಎಂದು ಇದನ್ನು ಕರೆಯುತ್ತಾರೆ.

ಕಾಯುವವರು ಎಂದರೆ ಪೊಲೀಸರೇ ಆಗಬೇಕಿಲ್ಲ. ಜಗಲಿ ಮೇಲೆ ಕೂತ ಅಜ್ಜಿ, ದಾರಿಬದಿಯ ಚಹಾದಂಗಡಿಯವನು, ಬೆಳಗಿನ ಜಾವ ಹಾಲಿನ ಡೇರಿಗೆ ಹೊರಟವರು ಎಲ್ಲರೂ ಕಾವಲೇ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಸರತಿ ಸಾಲಿನಲ್ಲಿ ಸರ, ಪರ್ಸು ಹೋಗುವುದಕ್ಕೆ ಆ ವಾರ ಹಾಸನದಲ್ಲಿ ಬಡತನ ಹೆಚ್ಚಿತು ಎಂದು ಯಾರೂ ಹೇಳುವುದಿಲ್ಲ. ಸಾವಿರಾರು ಕೊರಳು, ಒಬ್ಬರ ಮುಖ ಒಬ್ಬರಿಗೆ ತಿಳಿಯದ ನೂಕುನುಗ್ಗಲು, ಎಲ್ಲರ ಕಣ್ಣೂ ಗರ್ಭಗುಡಿಯ ಕಡೆಗೆ. ಮೂರೂ ತಾನಾಗಿಯೇ ಕೂಡಿಬಂದಿವೆ.

ಈಗ ಕಣಕ್ಕೆ ಬನ್ನಿ. ಹಣ್ಣಿನ ಸಿಪ್ಪೆ ತೆಗೆದು (ಪಲ್ಪ್ ಮಾಡಿ) ತೊಳೆದ ಬೀಜ, ಅಂದರೆ ಪಾರ್ಚ್‌ಮೆಂಟ್, ಒಣಗಲು ಒಳ್ಳೆಯ ಬಿಸಿಲಿದ್ದರೆ 7ರಿಂದ 10 ದಿನ ಬೇಕು. ಹಣ್ಣನ್ನು ಹಾಗೆಯೇ ಹರಡಿದ ಚೆರಿಗೆ 12ರಿಂದ 15 ದಿನ. ಅಷ್ಟೂ ರಾತ್ರಿ ಮಾಲು ಬಯಲಲ್ಲೇ ಟಾರ್ಪಾಲಿನಡಿ ಮಲಗಿರುತ್ತದೆ. ಕಳ್ಳರ ಕಣ್ಣಿಗೆ ಬೀಳುವ ವಸ್ತುಗಳಿಗೆ ಆರು ಗುಣಗಳಿರುತ್ತವೆ ಎಂದು ರೊನಾಲ್ಡ್ ಕ್ಲಾರ್ಕ್ 1999ರಲ್ಲಿ ಗುರುತಿಸಿದರು: ಬಚ್ಚಿಡಬಹುದು, ಹೊತ್ತೊಯ್ಯಬಹುದು, ಕೈಗೆಟುಕುತ್ತದೆ, ಬೆಲೆಯಿದೆ, ಇಟ್ಟುಕೊಂಡರೆ ಖುಷಿ, ಮಾರುವುದು ಸುಲಭ. ಪಾರ್ಚ್‌ಮೆಂಟಿಗೆ ಖುಷಿಯೊಂದು ಬಿಟ್ಟು ಐದೂ ಇವೆ. 50 ಕೆ.ಜಿ. ಮೂಟೆಯನ್ನು ಒಬ್ಬನೇ ಬೆನ್ನ ಮೇಲೆ ಹೊರಬಲ್ಲ. ಇನ್ನೊಬ್ಬರ ಮೂಟೆಯೊಳಗೆ ಸುರಿದರೆ ನಿಮ್ಮ ಕಾಫಿ ಯಾವುದು, ಅವರದು ಯಾವುದು ಎಂದು ಬ್ರಹ್ಮನೂ ಹೇಳಲಾರ. ಕಾಳುಮೆಣಸು ಇನ್ನೂ ಅಪಾಯದ ಮಾಲು, ಏಕೆಂದರೆ ಕೆ.ಜಿ. ಲೆಕ್ಕದಲ್ಲಿ ಅದರ ಬೆಲೆ ಕಾಫಿಗಿಂತ ಹೆಚ್ಚು. ಹೊರುವ ಭಾರ ಕಡಿಮೆ. 2024ರಿಂದ ಈಚೆಗೆ ಕಾಫಿ ಬೆಲೆ ದಾಖಲೆ ಮುಟ್ಟಿದಾಗ ಹಣ್ಣನ್ನು ಗಿಡದಿಂದಲೇ ಕೊಯ್ದೊಯ್ಯುವ ಭಯ ಬೆಳೆಗಾರರಲ್ಲಿ ಮೂಡಿದ್ದರ ಹಿಂದೆ ಇದೇ ಲೆಕ್ಕ: ಜನರ ಸ್ವಭಾವ ಬದಲಾಗಿರಲಿಲ್ಲ, ವಸ್ತುವಿನ ಗುಣ ಬದಲಾಗಿತ್ತು.

ಈ ಪಟ್ಟಿಯಲ್ಲಿ ಜನ ಕಡೆಗಣಿಸುವುದು ಕೊನೆಯ ಗುಣವನ್ನು, ಅಂದರೆ ಮಾರುವ ಸುಲಭವನ್ನು. ಕಡೂರು, ಅರಸೀಕೆರೆ ಕಡೆಯ ತೆಂಗಿನ ತೋಟಗಳಲ್ಲಿ ಬೋರ್‌ವೆಲ್ ಮೋಟಾರಿನ ಕೇಬಲ್ ಕತ್ತರಿಸಿದರೆ ರೈತನಿಗೆ ಹೊಸ ಕೇಬಲ್ಲಿನ ಖರ್ಚು, ನೀರಿಲ್ಲದ ದಿನಗಳ ನಷ್ಟ. ಕದ್ದವನಿಗೆ ಸಿಗುವುದು ಗುಜರಿ ತೂಕದ ದುಡ್ಡು ಮಾತ್ರ. ಆ ದುಡ್ಡೂ ಸಿಗಬೇಕಾದರೆ ಕೇಳದೆ ಕೊಳ್ಳುವವನೊಬ್ಬ ಇರಬೇಕು. ನೂರು ತೋಟಕ್ಕೆ ಕಾವಲು ಹಾಕುವುದಕ್ಕಿಂತ ಹತ್ತು ಗುಜರಿ ಅಂಗಡಿಗಳಲ್ಲಿ ಮಾರಿದವನ ಹೆಸರು, ಮೊಬೈಲ್ ನಂಬರು, ಮಾಲಿನ ತೂಕ ಬರೆಸುವ ಪುಸ್ತಕ ಇಡಿಸುವುದು ಅಗ್ಗ. ಕದ್ದ ಮಾಲೆಂದು ಗೊತ್ತಿದ್ದೂ ಕೊಂಡವನಿಗೆ ನ್ಯಾಯ ಸಂಹಿತೆಯ 317ರಡಿ ಮೂರು ವರ್ಷದವರೆಗೆ ಶಿಕ್ಷೆಯಿದೆ. ಕಾಫಿಗೂ ಇದೇ ಮಾತು: ತೋಟವೇ ಇಲ್ಲದವನು ಕೊಯ್ಲಿನ ನಡುವೆ ಅರ್ಧ ಒಣಗಿದ ಅರ್ಧ ಮೂಟೆ ತಂದರೆ ವ್ಯಾಪಾರಿಗೆ ಅನುಮಾನ ಬರಲೇಬೇಕು.

"ಇಲ್ಲಿ ತಡೆದರೆ ಪಕ್ಕದ ತೋಟಕ್ಕೆ ಹೋಗುತ್ತಾನೆ, ಅಷ್ಟೇ" ಎಂಬ ಆಕ್ಷೇಪ ಯಾವಾಗಲೂ ಬರುತ್ತದೆ. ಇದನ್ನು ಸಂಶೋಧಕರು ಬೇಕಾದಷ್ಟು ಸಲ ಅಳೆದಿದ್ದಾರೆ. ಸ್ವಲ್ಪ ಹೋಗುತ್ತಾನೆ, ಪೂರ್ತಿ ಹೋಗುವುದು ಅಪರೂಪ. ಎಷ್ಟೋ ಸಲ ಅಕ್ಕಪಕ್ಕದಲ್ಲೂ ಅಪರಾಧ ಇಳಿದದ್ದು ಕಂಡಿದೆ. ಅಪರಾಧ ಊರ ತುಂಬ ಸಮನಾಗಿ ಹರಡಿರುವುದಿಲ್ಲ ಎಂಬುದೂ ಇದಕ್ಕೊಂದು ಕಾರಣ. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸರಿಗೆ ಬಂದ ಕರೆಗಳಲ್ಲಿ ಅರ್ಧದಷ್ಟು ಕೇವಲ ಶೇ. 3ರಷ್ಟು ವಿಳಾಸಗಳಿಂದ ಬಂದಿದ್ದವು ಎಂದು ಲಾರೆನ್ಸ್ ಶರ್ಮನ್ ಮತ್ತು ಸಂಗಡಿಗರು 1989ರಲ್ಲಿ ತೋರಿಸಿದರು. ಗಸ್ತು ತಿರುಗುವ ಕಾನ್‌ಸ್ಟೇಬಲ್‌ಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಯಾವ ಬಾರ್, ಯಾವ ತಿರುವು, ಯಾವ ಬಸ್ ಸ್ಟ್ಯಾಂಡಿನ ಯಾವ ಮೂಲೆ ಎಂಬುದು ಅವರ ನಾಲಗೆಯ ತುದಿಯಲ್ಲೇ ಇರುತ್ತದೆ.

ಕಳ್ಳನೊಳಗೆ ಆ ಮನಸ್ಸು ಹುಟ್ಟಿದ್ದೇಕೆ ಎಂಬುದಕ್ಕೆ ಮಾತ್ರ ಈ ಸಿದ್ಧಾಂತದಲ್ಲಿ ಉತ್ತರವಿಲ್ಲ. ಅದು ಇದ್ದೇ ಇದೆ ಎಂದು ಹಿಡಿದು ಮುಂದೆ ಹೋಗುತ್ತದೆ.

ಆಸೆ, ಸಹವಾಸ, ಸಮಜಾಯಿಷಿ

ಬಡತನದ ವಾದವನ್ನು ನೆಟ್ಟಗೆ ನಿಲ್ಲಿಸಿದವರು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್, 1938ರಲ್ಲಿ. ಇಲ್ಲದಿರುವುದಷ್ಟೇ ಕಾಡುವುದಿಲ್ಲ, ಸಮಾಜ ಎಲ್ಲರಿಗೂ ಒಂದೇ ಗುರಿ ತೋರಿಸಿ, ಅಲ್ಲಿಗೆ ಹೋಗುವ ನ್ಯಾಯದ ದಾರಿಯನ್ನು ಕೆಲವರಿಗಷ್ಟೇ ತೆರೆದಿಟ್ಟಾಗ ಒತ್ತಡ ಹುಟ್ಟುತ್ತದೆ ಎಂದರು. ಆ ಒತ್ತಡಕ್ಕೆ ಐದು ಬಗೆಯ ಪ್ರತಿಕ್ರಿಯೆ. ಹೆಚ್ಚಿನವರು ಇದ್ದ ದಾರಿಯಲ್ಲೇ ಸಾಗುತ್ತಾರೆ. ಕೆಲವರು ಗುರಿ ಇಟ್ಟುಕೊಂಡು ಅಡ್ಡದಾರಿ ಹಿಡಿಯುತ್ತಾರೆ. ಕೆಲವರು ಗುರಿ ಬಿಟ್ಟು ನಿಯಮವನ್ನಷ್ಟೇ ಪಾಲಿಸುತ್ತಾರೆ. ಕೆಲವರು ಎರಡನ್ನೂ ಬಿಟ್ಟು ಕುಡಿತಕ್ಕೆ ಬೀಳುತ್ತಾರೆ. ಉಳಿದವರು ಎರಡನ್ನೂ ಒಡೆದು ಬೇರೆ ಕಟ್ಟಲು ಹೊರಡುತ್ತಾರೆ. ವಾರಾಂತ್ಯಕ್ಕೆ ಮುಳ್ಳಯ್ಯನಗಿರಿಗೆ ಬಂದು ಹೋಂಸ್ಟೇಯಲ್ಲಿ ಉಳಿಯುವವರು ಒಂದು ರಾತ್ರಿಗೆ ಕೊಡುವ ಬಾಡಿಗೆಯನ್ನು ಅಲ್ಲೇ ಪಾತ್ರೆ ತೊಳೆಯುವ ಹುಡುಗ ದಿನವೂ ನೋಡುತ್ತಾನೆ. ಅವನ ಕೂಲಿ ಅಪ್ಪನ ಕೂಲಿಗಿಂತ ಹೆಚ್ಚಿರಬಹುದು. ಅಪ್ಪನಿಗಿಲ್ಲದ ಹೋಲಿಕೆ ಅವನಿಗಿದೆ.

ಈ ಸಿದ್ಧಾಂತ ಮುಗ್ಗರಿಸುವುದು ಉಳ್ಳವರ ಅಪರಾಧದ ಮುಂದೆ. ಎಡ್ವಿನ್ ಸದರ್‌ಲ್ಯಾಂಡ್ 1939ರಲ್ಲಿ ಬಿಳಿ ಕಾಲರಿನ ಅಪರಾಧದ ಮಾತೆತ್ತಿದ್ದು ಇದಕ್ಕಾಗಿಯೇ. ವಿದೇಶದಿಂದ ಅಗ್ಗಕ್ಕೆ ತಂದ ಮೆಣಸನ್ನು ಮಲೆನಾಡಿನ ಮೆಣಸಿಗೆ ಬೆರೆಸಿ ಮಾರುವವನು, ತೂಕದ ಯಂತ್ರ ತಿರುಚುವವನು, ಪಡಿತರದ ಅಕ್ಕಿ ಸಾಗಿಸುವವನು ಹಸಿದಿಲ್ಲ. ಹಾಗಾದರೆ? ಅಪರಾಧವನ್ನು ಮನುಷ್ಯ ಕಲಿಯುತ್ತಾನೆ ಎಂದರು ಸದರ್‌ಲ್ಯಾಂಡ್. ಕಸುಬು ಕಲಿತಂತೆಯೇ, ಹತ್ತಿರದವರಿಂದ, ಮಾತುಕತೆಯಲ್ಲಿ. ಕೈಚಳಕವಷ್ಟೇ ಅಲ್ಲ, "ಇದರಲ್ಲಿ ತಪ್ಪೇನಿದೆ" ಎಂಬ ಸಮರ್ಥನೆಯೂ ಆ ಪಾಠದಲ್ಲಿ ಸೇರಿದೆ. ಯಾರೊಡನೆ, ಎಷ್ಟು ಸಲ, ಎಷ್ಟು ಕಾಲ, ಯಾವ ವಯಸ್ಸಿನಿಂದ ಒಡನಾಟ ಎಂಬುದರ ಮೇಲೆ ಕಲಿಕೆಯ ಆಳ. ಸಹವಾಸ ದೋಷ ಎಂದು ಮನೆಮನೆಯಲ್ಲಿ ಹೇಳುವುದು ಇದನ್ನೇ. ಆದರೆ ಕೆಟ್ಟ ಸಹವಾಸ ಪಡ್ಡೆಗಳ ಕಟ್ಟೆಯಲ್ಲಿ ಮಾತ್ರವಲ್ಲ, ಮಂಡಿಯಲ್ಲೂ ಕಚೇರಿಯಲ್ಲೂ ಸಿಗುತ್ತದೆ ಎಂಬುದನ್ನು ಮನೆಗಳಲ್ಲಿ ಸೇರಿಸುವುದಿಲ್ಲ.

ಸಮರ್ಥನೆಯ ಭಾಗವನ್ನು ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ 1957ರಲ್ಲಿ ಬಿಡಿಸಿಟ್ಟರು. ಕಳ್ಳನಿಗೂ ಕಳವು ತಪ್ಪೆಂದು ಗೊತ್ತು, ಆ ಗೊತ್ತನ್ನು ತಾತ್ಕಾಲಿಕವಾಗಿ ಪಕ್ಕಕ್ಕಿಡಲು ಐದು ನೆಪಗಳಿವೆ ಎಂದರು. ತೋಟದ ಭಾಷೆಗೆ ತಂದರೆ: "ಸಾಲಗಾರರು ಕುತ್ತಿಗೆ ಮೇಲೆ ಕೂತಿದ್ರು, ಇನ್ನೇನ್ ಮಾಡ್ಲಿ" ಎಂದು ಹೊಣೆ ಜಾರಿಸುವುದು. "ಸಾವಿರ ಮೂಟೆಯಲ್ಲಿ ಎರಡು ಹೋದ್ರೆ ಅವರಿಗೇನು" ಎಂದು ನಷ್ಟವನ್ನೇ ಅಲ್ಲಗಳೆಯುವುದು. "ಬೋನಸ್ ಕೊಡದೆ ಮೋಸ ಮಾಡಿದ್ದಕ್ಕೆ ತಕ್ಕ ಶಾಸ್ತಿ" ಎಂದು ಕಳಕೊಂಡವರನ್ನೇ ತಪ್ಪಿತಸ್ಥರಾಗಿಸುವುದು. "ದೊಡ್ಡವರೇನು ಸಾಚಾನಾ" ಎಂದು ಕೇಳುವವರ ಬಾಯಿ ಮುಚ್ಚಿಸುವುದು. "ಗೆಳೆಯ ಕರೆದ ಮೇಲೆ ಬಿಟ್ಟುಬರೋಕಾಗುತ್ತಾ" ಎಂದು ನಿಷ್ಠೆಯ ಮೊರೆ ಹೋಗುವುದು. ಮೂರನೆಯ ನೆಪಕ್ಕೆ ಬಲ ಬರುವುದು ಅದರಲ್ಲಿ ಸ್ವಲ್ಪ ನಿಜ ಇದ್ದಾಗ. ಕೂಲಿಯ ಲೆಕ್ಕವನ್ನು ರೈಟರ್ (ತೋಟದ ಗುಮಾಸ್ತ) ಪ್ರತಿ ವಾರ ಎಲ್ಲರ ಎದುರು ಓದಿ ಹೇಳುವ ತೋಟದಲ್ಲಿ ಆ ನೆಪ ಅಷ್ಟು ಸಲೀಸಾಗಿ ನಾಲಗೆಗೆ ಬರುವುದಿಲ್ಲ.

ಉಳಿದವರೇಕೆ ಕದಿಯಲಿಲ್ಲ?

ಲೈನಿನ ಒಂಬತ್ತು ಮನೆಗಳ ಪ್ರಶ್ನೆಗೆ ನೇರ ಉತ್ತರ ಹುಡುಕಿದವರು ಟ್ರಾವಿಸ್ ಹಿರ್ಶಿ. ಆಸೆ ಎಲ್ಲರಿಗೂ ಇದೆ, ತಡೆಯುವುದೇನು ಎಂದು ಅವರು 1969ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ನಾಲ್ಕು ಕಟ್ಟುಗಳನ್ನು ಹೆಸರಿಸಿದರು: ಅಪ್ಪ-ಅಮ್ಮ, ಮೇಷ್ಟ್ರ ಮೇಲಿನ ಅಕ್ಕರೆ; ಕೈಯಲ್ಲಿರುವ ಓದು, ಕೆಲಸ, ಹೆಸರು ಕಳೆದುಹೋದೀತೆಂಬ ಅಳುಕು; ಬಿಡುವಿಲ್ಲದ ದಿನಚರಿ; ನಿಯಮ ನ್ಯಾಯವಾದದ್ದು ಎಂಬ ನಂಬಿಕೆ. ನಾಲ್ಕರಲ್ಲಿ ದಿನಚರಿಯದೇ ದುರ್ಬಲ ಎಂದು ಮುಂದಿನ ಅಧ್ಯಯನಗಳು ತೋರಿಸಿವೆ. ಹುಡುಗರನ್ನು ಕ್ರಿಕೆಟ್ ಟೂರ್ನಮೆಂಟಿಗೆ ಹಚ್ಚಿಬಿಟ್ಟರೆ ಸರಿಹೋಗುತ್ತಾರೆ ಎಂಬ ಭರವಸೆಗೆ ಆಧಾರ ಕಡಿಮೆ.

ಚಿಕಾಗೋದಲ್ಲಿ ಕ್ಲಿಫರ್ಡ್ ಶಾ ಮತ್ತು ಹೆನ್ರಿ ಮೆಕೇ ಇದನ್ನೇ ಬಡಾವಣೆಯ ಮಟ್ಟದಲ್ಲಿ ಕಂಡಿದ್ದರು. ಕೆಲವು ಪ್ರದೇಶಗಳಲ್ಲಿ ವಲಸಿಗರ ಗುಂಪುಗಳು ಒಂದರ ಹಿಂದೊಂದು ಬಂದು ಹೋದವು. ಅಲ್ಲಿ ಬಾಲಾಪರಾಧದ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. 1942ರ ಈ ಒಂದು ಫಲಿತಾಂಶ "ಆ ಜನವೇ ಹಂಗೆ" ಎಂಬ ಮಾತಿಗೆ ಸಾಕಷ್ಟು ಉತ್ತರ. ಜನ ಬದಲಾದರೂ ಸಂಖ್ಯೆ ಬದಲಾಗದಿದ್ದರೆ ದೋಷ ಜನರದಲ್ಲ. ಅಕ್ಕಪಕ್ಕದವರ ಪರಿಚಯವಾಗುವ ಮುಂಚೆಯೇ ಮನೆ ಖಾಲಿ ಮಾಡಬೇಕಾಗುವ ಜಾಗದ್ದು.

ವಯಸ್ಸಿನ ವಿಷಯವನ್ನೂ ಇಲ್ಲೇ ಹೇಳಬೇಕು. ಅಪರಾಧ ಹದಿಹರೆಯದ ಕೊನೆಗೆ ಏರಿ, ಇಪ್ಪತ್ತರ ನಡುವೆ ಇಳಿಯತೊಡಗುತ್ತದೆ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನದ ಬಲದಲ್ಲಿ ಟೆರಿ ಮಾಫಿಟ್ 1993ರಲ್ಲಿ ಎರಡು ಗುಂಪು ಮಾಡಿದರು: ಎಳವೆಯಿಂದಲೇ ಆರಂಭಿಸಿ ಬಿಡದವರು, ಹದಿಹರೆಯದಲ್ಲಿ ಮಾತ್ರ ಅಡ್ಡಹಾದಿ ತುಳಿದು ಹಿಂತಿರುಗುವವರು. ಮೊದಲ ಗುಂಪು ಚಿಕ್ಕದು, ಅಪರಾಧದಲ್ಲಿ ಅದರ ಪಾಲು ದೊಡ್ಡದು. ಫಿಲಡೆಲ್ಫಿಯಾದಲ್ಲಿ 1945ರಲ್ಲಿ ಹುಟ್ಟಿದ 9,945 ಹುಡುಗರ ದಾಖಲೆ ನೋಡಿದಾಗ ಶೇ. 6ರಷ್ಟು ಹುಡುಗರು ಅರ್ಧಕ್ಕಿಂತ ಹೆಚ್ಚು ಅಪರಾಧಗಳಿಗೆ ಕಾರಣರಾಗಿದ್ದರು. ಅಡ್ಡಹಾದಿ ಹಿಡಿದವರನ್ನು ಹಿಂದಕ್ಕೆ ತರುವುದು ಬಹುತೇಕ ಒಳ್ಳೆಯ ಕೆಲಸ ಮತ್ತು ಒಳ್ಳೆಯ ಮದುವೆ ಎಂದು ರಾಬರ್ಟ್ ಸ್ಯಾಂಪ್ಸನ್ ಮತ್ತು ಜಾನ್ ಲಾಬ್ 1993ರಲ್ಲಿ ಹೇಳಿದರು. "ಮದುವೆ ಮಾಡಿ, ಸರಿಹೋಗ್ತಾನೆ" ಎನ್ನುವ ನಮ್ಮ ಹಿರಿಯರಿಗೆ ಇದು ಖುಷಿ ಕೊಡಬಹುದು. ಆದರೆ ಅಧ್ಯಯನ ಹೇಳಿದ್ದು ಹೊಂದಿಕೆಯ ದಾಂಪತ್ಯದ ಬಗ್ಗೆ. ತಾಳಿ ಕಟ್ಟಿದ್ದರ ಬಗ್ಗೆಯಲ್ಲ, ಆ ಹೆಣ್ಣುಮಗಳನ್ನು ಔಷಧಿಯಂತೆ ಬಳಸುವುದರ ಬಗ್ಗೆಯಂತೂ ಅಲ್ಲವೇ ಅಲ್ಲ. ಅಂದಹಾಗೆ, ಎಲ್ಲ ದೇಶಗಳಲ್ಲೂ ಅಪರಾಧಿಗಳಲ್ಲಿ ಹೆಂಗಸರು ಬಹಳ ಕಡಿಮೆ. ಬಡತನ, ಒತ್ತಡ, ಅವಕಾಶಗಳ ಕೊರತೆ ಅವರಿಗೇ ಹೆಚ್ಚಿದ್ದೂ ಹೀಗೇಕೆ ಎಂಬುದಕ್ಕೆ ಬಹುಪಾಲು ಗಂಡಸರನ್ನೇ ನೋಡಿ ಕಟ್ಟಿದ ಈ ಸಿದ್ಧಾಂತಗಳು ತೃಪ್ತಿಕರ ಉತ್ತರ ಕೊಟ್ಟಿಲ್ಲ.

ಹುಟ್ಟುಗುಣ ಮತ್ತು ಹಣೆಪಟ್ಟಿ

ಇಟಲಿಯ ವೈದ್ಯ ಚೆಸಾರೆ ಲೊಂಬ್ರೊಸೊ 1876ರಲ್ಲಿ ಅಪರಾಧಿಗಳು ಹುಟ್ಟಿನಿಂದಲೇ ಬೇರೆ, ತಲೆಬುರುಡೆ, ದವಡೆ, ಕಿವಿಯ ಆಕಾರದಲ್ಲೇ ಅದು ಕಾಣುತ್ತದೆ ಎಂದ. ಅಪರಾಧ ಮಾಡದವರನ್ನೂ ಅದೇ ಶ್ರದ್ಧೆಯಿಂದ ಅಳೆದು ಹೋಲಿಸದಿದ್ದುದು ಅವನ ಕೆಲಸದ ದೊಡ್ಡ ಲೋಪ. ಚಾರ್ಲ್ಸ್ ಗೋರಿಂಗ್ ಇಂಗ್ಲೆಂಡಿನ ಸುಮಾರು 3,000 ಕೈದಿಗಳನ್ನು ವಿದ್ಯಾರ್ಥಿಗಳು, ಸೈನಿಕರೊಂದಿಗೆ ಹೋಲಿಸಿ 1913ರಲ್ಲಿ ಅಂಥ ಅಪರಾಧಿ ಮುಖ ಎಂಬುದೇ ಇಲ್ಲ ಎಂದು ತೋರಿಸಿದರು. ದುಡುಕು ಸ್ವಭಾವದಂಥ ಗುಣಗಳಲ್ಲಿ ಅನುವಂಶೀಯತೆಯ ಪಾಲಿದೆ ಎಂದು ಇಂದಿನ ವಿಜ್ಞಾನ ಒಪ್ಪುತ್ತದೆ. ಕಳ್ಳತನದ ಜೀನ್ ಎಂಬುದು ಇಲ್ಲ.

ಆದರೆ ಆ ಕಲ್ಪನೆ ನಮ್ಮಲ್ಲಿ ಲೊಂಬ್ರೊಸೊಗಿಂತ ಮುಂಚೆಯೇ ಕಾನೂನಾಗಿ ಬಂದಿತ್ತು. ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಪರಾಧಿಗಳೆಂದು ಪಟ್ಟಿ ಮಾಡಿ, ಹೆಸರು ನೋಂದಾಯಿಸಿ, ಹಾಜರಿ ಹಾಕಿಸಿ, ಓಡಾಟಕ್ಕೆ ಪಾಸ್ ಕೇಳಿತು. ಉಪ್ಪು, ಧಾನ್ಯ ಹೊತ್ತು ಊರೂರು ತಿರುಗುತ್ತಿದ್ದವರ ಕಸುಬಿಗೆ ಅದೂ ಪೆಟ್ಟು ಕೊಟ್ಟಿತು. 1952ರಲ್ಲಿ ಕಾಯ್ದೆ ರದ್ದಾಯಿತು. ಅದರ ನೆರಳು ಎಷ್ಟು ಉದ್ದವಾಗಿತ್ತೆಂದರೆ, ಜೈಲು ಕೈಪಿಡಿಗಳಲ್ಲಿ ಉಳಿದಿದ್ದ ಜಾತಿ ಆಧಾರದ ನಿಯಮಗಳನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2024ರ ಅಕ್ಟೋಬರಿನಲ್ಲಿ.

ಎಡ್ವಿನ್ ಲೆಮರ್ಟ್ 1951ರಲ್ಲಿ ಎರಡು ತಪ್ಪುಗಳನ್ನು ಬೇರ್ಪಡಿಸಿದರು. ಮೊದಲ ತಪ್ಪಿಗೆ ನೂರು ಕಾರಣ ಇರಬಹುದು. ಎರಡನೆಯ ಬಗೆಯದು ಊರು ಕೊಟ್ಟ ಹೆಸರಿನಿಂದ ಹುಟ್ಟುತ್ತದೆ: ಕಳ್ಳ ಎಂದವರು ಕೆಲಸಕ್ಕೆ ಕರೆಯುವುದಿಲ್ಲ, ಕೆಲಸವಿಲ್ಲದವನು ಅಂಥವರ ಜೊತೆಗೇ ಸೇರುತ್ತಾನೆ, ಕೊನೆಗೆ ಹೆಸರು ನಿಜವಾಗುತ್ತದೆ. ತೋಟಗಳಲ್ಲಿ ಇಂದು ಅಸ್ಸಾಂನಿಂದ ಬಂದ ಕಾರ್ಮಿಕರಿದ್ದಾರೆ. ಮಾಲು ಹೋದ ಬೆಳಿಗ್ಗೆ ಮೊದಲು ಅವರ ಕೋಣೆಗೇ ನುಗ್ಗಿ ಹುಡುಕಿದರೆ ಎರಡು ಅನಾಹುತ ಒಟ್ಟಿಗೆ ಆಗುತ್ತವೆ. ಕಣದ ಬೀಗ ಎಲ್ಲಿರುತ್ತದೆ, ವಾಚ್‌ಮನ್ ಎಷ್ಟು ಹೊತ್ತಿಗೆ ಮಲಗುತ್ತಾನೆ ಎಂದು ತಿಳಿದ ಒಳಗಿನವನು ತಪ್ಪಿಸಿಕೊಳ್ಳುತ್ತಾನೆ. ತಪ್ಪು ಮಾಡದವರಿಗೆ ಊರಿನ ನ್ಯಾಯದ ಮೇಲಿದ್ದ ನಂಬಿಕೆ ಹೋಗುತ್ತದೆ. ಶಿಕ್ಷಿಸಿ ದೂರ ತಳ್ಳುವ ಅವಮಾನ ಅಪರಾಧವನ್ನು ಹೆಚ್ಚಿಸುತ್ತದೆ, ಬೈದು ಒಳಗೆ ಕರೆದುಕೊಳ್ಳುವ ಅವಮಾನ ತಗ್ಗಿಸುತ್ತದೆ ಎಂದು ಜಾನ್ ಬ್ರೈತ್‌ವೇಟ್ 1989ರಲ್ಲಿ ವಾದಿಸಿದರು. ನ್ಯಾಯ ಸಂಹಿತೆ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಮೊದಲ ಕಳವಿಗೆ, ಮಾಲು ಅಥವಾ ಅದರ ಬೆಲೆ ಹಿಂದಿರುಗಿಸಿದರೆ, ಜೈಲಿನ ಬದಲು ಸಮುದಾಯ ಸೇವೆ ಇಟ್ಟಿರುವುದು ಈ ದಿಕ್ಕಿನದೇ.

ಒಳ್ಳೆಯ ಉದ್ದೇಶ ಸಾಲದು

ಬಾಸ್ಟನ್ ಹತ್ತಿರದ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಊರುಗಳಲ್ಲಿ 1939ರಲ್ಲಿ 506 ಹುಡುಗರನ್ನು ಎರಡು ಪಾಲು ಮಾಡಿ, ಅಡ್ಡದಾರಿ ಹಿಡಿಯದಿರಲೆಂದು ಒಂದು ಪಾಲಿಗೆ ವರ್ಷಗಟ್ಟಲೆ ಸಲಹೆ, ಪಾಠ, ಬೇಸಿಗೆ ಶಿಬಿರ ಒದಗಿಸಿದರು. ಜೋನ್ ಮೆಕಾರ್ಡ್ 1978ರಲ್ಲಿ ಅವರನ್ನು ಮತ್ತೆ ಹುಡುಕಿ ನೋಡಿದಾಗ ನೆರವು ಪಡೆದವರ ಬದುಕೇ ಕೆಲವು ವಿಷಯಗಳಲ್ಲಿ ಹೆಚ್ಚು ಕೆಟ್ಟಿತ್ತು. ತುಂಟರನ್ನೆಲ್ಲ ಶಿಬಿರದಲ್ಲಿ ಒಟ್ಟಿಗೆ ಕೂಡಿಸಿದ್ದು ಒಂದು ಕಾರಣವೆಂದು ನಂತರದ ವಿಶ್ಲೇಷಣೆ ಸೂಚಿಸಿತು. ಸದರ್‌ಲ್ಯಾಂಡ್ ಹೇಳಿದ ಕಲಿಕೆ ಅಲ್ಲಿ ಸರಾಗವಾಗಿ ನಡೆದಿತ್ತು. ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಹೆದರಿಸುವ ಅಮೆರಿಕದ ಕಾರ್ಯಕ್ರಮಗಳೂ ಅಪರಾಧವನ್ನು ಹೆಚ್ಚಿಸಿದವೇ ಹೊರತು ತಗ್ಗಿಸಲಿಲ್ಲ. ಶಾಲೆಯವರು ಇಂಥ ಯೋಜನೆ ಹಾಕುವ ಮುನ್ನ ಇದನ್ನು ತಿಳಿದಿರುವುದು ಒಳಿತು.

ಈ ಸಿದ್ಧಾಂತಗಳೆಲ್ಲ ಒಂದೇ ಹಾಳೆಯ ಮೇಲೆ ಕೂಡುವ ಜಾಗ ಒಂದಿದೆ. ಕಣದ ಹುಡುಗನಿಗೆ 18 ತುಂಬಿಲ್ಲದಿದ್ದರೆ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಅವನನ್ನು ಹಾಜರುಪಡಿಸಿದ 15 ದಿನದೊಳಗೆ ಪರಿವೀಕ್ಷಣಾಧಿಕಾರಿಯಿಂದ (ಪ್ರೊಬೇಷನ್ ಆಫೀಸರ್) ಸಾಮಾಜಿಕ ತನಿಖಾ ವರದಿ ಬರಬೇಕು ಎನ್ನುತ್ತದೆ 2015ರ ಬಾಲ ನ್ಯಾಯ ಕಾಯ್ದೆ. ಅದರಲ್ಲಿ "ಕುಟುಂಬ ಬಡತನದಲ್ಲಿದೆ" ಎಂಬ ಒಂದು ಸಾಲು ಬರೆದು ಸಹಿ ಹಾಕುವುದು ಸುಲಭ. ಬೇಕಾದದ್ದು ಬೇರೆ. ಶಾಲೆ ಯಾವ ತರಗತಿಯಲ್ಲಿ, ಏಕೆ ಬಿಟ್ಟ? ಆ ರಾತ್ರಿ ಯಾರ ಜೊತೆಗಿದ್ದ, ಅವರ ವಯಸ್ಸೆಷ್ಟು? ಮಾಲು ಯಾರಿಗೆ ಮಾರಿದ, ಆ ಕೊಳ್ಳುವವನ ಪರಿಚಯ ಮಾಡಿಸಿದ್ದು ಯಾರು? ಎಳವೆಯಿಂದಲೇ ಹೀಗೋ, ಈ ಒಂದು ವರ್ಷದಿಂದಲೋ? ಮನೆಯಲ್ಲಿ ಅವನು ಯಾರ ಮಾತು ಕೇಳುತ್ತಾನೆ? ಕೊಯ್ಲು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಅವನಿಗೆ ಕೆಲಸ ಕೊಡಲು ಒಪ್ಪುವ ಒಬ್ಬರಾದರೂ ಊರಲ್ಲಿದ್ದಾರೆಯೇ, ಇದ್ದರೆ ಅವರ ಹೆಸರೇನು? ಅದೇ ಕಾಯ್ದೆಯ 74ನೇ ಸೆಕ್ಷನ್ ಅವನ ಹೆಸರು, ಶಾಲೆ, ಫೋಟೊ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಊರಿನ ವಾಟ್ಸಾಪ್ ಗುಂಪಿಗೆ ಸಿಸಿಟಿವಿ ತುಣುಕನ್ನು ಹಾಕುವವರಿಗೂ ಇದು ಅನ್ವಯಿಸುತ್ತದೆ.